ಬೆಳಗಾವಿಯ ಮುತ್ತಿಗೆಯೂ ಕಿತ್ತೂರಿನ ಕಥೆಯೂ: ಒಂದು ವಿಮರ್ಶೆ



ಅಕ್ಟೋಬರ್ ತಿಂಗಳು ಬಂತೆಂದರೆ ಹುಬ್ಬಳ್ಳಿ-ಧಾರವಾಡಗಳಿಂದ ಹಿಡಿದು ಹೆಬ್ಬಳ್ಳಿಯಂತಹ ಹಳ್ಳಿಗಳವರೆಗೆ ನಮ್ಮ ಸೀಮೆಯ ಸಭೆ-ಸಮಾರಂಭಗಳಲ್ಲಿ ಕಿತ್ತೂರಿನ ಹೆಸರು ಮೊಳಗುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದನು. ಆ ವಿಜಯಕ್ಕೆ 2024ರಲ್ಲಿ ಇನ್ನೂರು ವರ್ಷಗಳು ತುಂಬಿದವು. ರಾಣಿ ಚೆನ್ನಮ್ಮಾಜಿಯ ಶೌರ್ಯವನ್ನು ನೆನೆದು ಹೆಮ್ಮೆಪಡುವುದು ನಮಗೆ ಸಹಜವೂ ಹೌದು, ಉಚಿತವೂ ಹೌದು. ಆದರೆ ಆ ಕಥೆಯನ್ನು ನಾವು ಹೇಳುತ್ತ ಬಂದಿರುವ ಕ್ರಮದಲ್ಲಿ ಒಂದು ದೊಡ್ಡ ಲೋಪವಿದೆ. ನಮ್ಮ ಬಹುಪಾಲು ಭಾಷಣಗಳೂ ಶಾಲೆಯ ನಾಟಕಗಳೂ ಕಥೆಯನ್ನು 1824ರಲ್ಲಿ ಆರಂಭಿಸುತ್ತವೆ. ವಾಸ್ತವವಾಗಿ ಅದರ ಬೇರು ಆರು ವರ್ಷ ಹಿಂದೆ, ಬೇರೊಂದು ಮಹಾಯುದ್ಧದ ಕಡೆಯ ವಾರಗಳಲ್ಲಿದೆ. ಆ ಯುದ್ಧವೇ ಪೇಶ್ವೆಗೂ ಇಂಗ್ಲಿಷ್ ಕಂಪನಿಗೂ 1817-18ರಲ್ಲಿ ನಡೆದ ಯುದ್ಧ.

ಮೊದಲು ಸಂಗತಿಗಳನ್ನು ನೋಡೋಣ. 1817ರ ಜೂನ್‌ನಲ್ಲಿ ಪುಣೆಯ ಕರಾರಿನ ಪ್ರಕಾರ ಎರಡನೆಯ ಬಾಜೀರಾಯನು ಧಾರವಾಡ ಹಾಗೂ ಕುಸುಗಲ್ಲುಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಅವುಗಳ ವ್ಯವಸ್ಥೆಗಾಗಿ ಮದ್ರಾಸಿನ ಅಧಿಕಾರಿ ಥಾಮಸ್ ಮನ್ರೋ ಧಾರವಾಡಕ್ಕೆ ಬಂದನು. ಅದೇ ನವೆಂಬರ್ 5ರಂದು ಖಡಕಿಯಲ್ಲಿ ಯುದ್ಧ ಹೊತ್ತಿಕೊಂಡಾಗ ಮನ್ರೋನ ಕೈಯಲ್ಲಿ ಇದ್ದ ಸೈನ್ಯ ಅತ್ಯಲ್ಪ. ಆತನು ಊರೂರಿನ ಆಳುಗಳನ್ನೇ ಕೂಡಿಸಿ ಪಡೆ ಕಟ್ಟಿದನು. ಇನ್ನೂ ಗೆಲ್ಲದ ತಾಲೂಕುಗಳಿಗೂ ಅಮಲ್ದಾರರನ್ನು ನೇಮಿಸಿ ಕಂದಾಯ ವಸೂಲಿಗೆ ಕಳುಹಿಸಿದನು. ಡಿಸೆಂಬರ್‌ನಲ್ಲಿ ನವಲಗುಂದದ ಬಳಿ ರಾಮರಾವ್ ಎಂಬ ಅಮಲ್ದಾರನು ಇಂಥ ಸುಮಾರು 500 ಜನರೊಡನೆ ಗೋಖಲೆಯ ಕಡೆಯ ಕುದುರೆ ಸವಾರರನ್ನು ಚೆದುರಿಸಿದನು. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿಗಳೂ, ಫೆಬ್ರುವರಿಯಲ್ಲಿ ಬಾದಾಮಿಯೂ ಕಂಪನಿಯ ವಶವಾದವು. ಫೆಬ್ರುವರಿ 20ರಂದು ಆಷ್ಟಿಯಲ್ಲಿ ಸೇನಾಪತಿ ಬಾಪು ಗೋಖಲೆ ಮಡಿದ ಮೇಲೆ ಪೇಶ್ವೆಯ ಪಕ್ಷಕ್ಕೆ ಬೆನ್ನೆಲುಬೇ ಇಲ್ಲವಾಯಿತು. ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆ, ಮೇ ತಿಂಗಳಲ್ಲಿ ಸೊಲ್ಲಾಪುರ ಬಿದ್ದವು. ಜೂನ್ ಆರಂಭದಲ್ಲಿ ಬಾಜೀರಾಯನು ಮಾಲ್ಕಮ್‌ನಿಗೆ ಶರಣಾಗಿ, ವರ್ಷಕ್ಕೆ 8 ಲಕ್ಷ ರೂಪಾಯಿಗಳ ವಿಶ್ರಾಂತಿ ವೇತನ ಪಡೆದು ಬಿಠೂರಿಗೆ ಹೊರಟುಹೋದನು.

ಈ ಕಥನವನ್ನು ಇಂಗ್ಲಿಷರ ಗ್ರಂಥಗಳು ಹೇಗೆ ಹೇಳುತ್ತವೆ? 1830ರಲ್ಲಿ ಗ್ಲೀಗ್ ಪ್ರಕಟಿಸಿದ ಮನ್ರೋನ ಜೀವನಚರಿತ್ರೆಯನ್ನಾಗಲಿ, 1884ರ ಮುಂಬಯಿ ಗ್ಯಾಝೆಟಿಯರಿನ ಧಾರವಾಡದ ಸಂಪುಟವನ್ನಾಗಲಿ ತೆರೆದು ನೋಡಿರಿ. ಅವುಗಳಲ್ಲಿ ತಾರೀಖುಗಳಿವೆ, ಕೋಟೆಗಳ ಹೆಸರುಗಳಿವೆ; ಈ ಉಪಕಾರವನ್ನು ನಾವು ಮರೆಯಲಾಗದು. ಆದರೆ ಅಲ್ಲಿಯ ದೃಷ್ಟಿಯೆಲ್ಲ ಒಬ್ಬ ಅಧಿಕಾರಿಯ ಜಾಣತನದ ಮೇಲೆ ನೆಟ್ಟಿದೆ. ಬಂದೂಕು ಹಿಡಿದು ನಡೆದವರು ಈ ನೆಲದ ಮಕ್ಕಳು. ಕಂದಾಯವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತಿರುಗಿಸಿದವರು ಈ ನೆಲದ ಗೌಡ-ಕುಲಕರ್ಣಿಗಳು. ಅವರು ಹೀಗೇಕೆ ಮಾಡಿದರು? ಬಾಜೀರಾಯನ ಕಾಲದಲ್ಲಿ ಕಂದಾಯವನ್ನು ಇಜಾರೆಗೆ ಹರಾಜು ಹಾಕುತ್ತಿದ್ದರು. ಹೆಚ್ಚು ಕೂಗಿದವನು ರೈತನಿಂದ ಹೆಚ್ಚು ಕಿತ್ತುಕೊಳ್ಳುತ್ತಿದ್ದನು. ಬೇಸತ್ತ ಜನ ಒಡೆಯನು ಬದಲಾದರೆ ಸಾಕೆಂದುಕೊಂಡರೆ ಅದರಲ್ಲಿ ಆಶ್ಚರ್ಯವೇನು? ಆ ಗ್ರಂಥಗಳು ಇದನ್ನು ಮನ್ರೋನ ಮೇಲಿನ ಪ್ರೀತಿಯೆಂದು ಓದುತ್ತವೆ. ಬೇಸರವನ್ನು ಪ್ರೀತಿಯೆಂದು ತಿಳಿಯುವುದು ಗೆದ್ದವರ ಬರವಣಿಗೆಯ ಹಳೆಯ ದೋಷ.

ಇನ್ನು ನಮ್ಮವರ ಬರವಣಿಗೆಗೆ ಬರೋಣ. ನಮ್ಮಲ್ಲಿ 1818ರ ಪುಟವನ್ನೇ ಮಗುಚಿಬಿಡುವ ರೂಢಿ ಬೆಳೆದಿದೆ. ಇದಕ್ಕೆ ಕಾರಣವೂ ಸ್ಪಷ್ಟ. ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಇಂಗ್ಲಿಷರಿಗೆ ನೆರವಾದನು. ಅಕ್ಟೋಬರ್ 23ರ ವೀರಗಾಥೆಯ ಪಕ್ಕದಲ್ಲಿ ಈ ಸಂಗತಿಯನ್ನು ಇರಿಸಲು ನಮ್ಮ ನಾಟಕಕಾರರಿಗೂ ಭಾಷಣಕಾರರಿಗೂ ಸಂಕೋಚ. ಆದ್ದರಿಂದ ಮೌನ. ಆದರೆ ವಾಚಕರೇ, ಈ ಮೌನದಿಂದ ಕಿತ್ತೂರಿಗೆ ಗೌರವ ಹೆಚ್ಚುವುದೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಶಿವಲಿಂಗರುದ್ರಸರ್ಜನ ತಂದೆ ಮಲ್ಲಸರ್ಜನು ಪೇಶ್ವೆಯ ಸೆರೆಯಲ್ಲಿ ಸೊರಗಿ 1816ರಲ್ಲಿ ತೀರಿಕೊಂಡವನು. ಆ ಗಾಯ ಆರುವ ಮೊದಲೇ ಯುದ್ಧ ಬಾಗಿಲಿಗೆ ಬಂತು. ಒಂದು ಕಡೆ ತಂದೆಯನ್ನು ಬಂಧಿಸಿದ ಪುಣೆ, ಇನ್ನೊಂದು ಕಡೆ ಮುಖವನ್ನೇ ಸರಿಯಾಗಿ ಅರಿಯದ ಕಂಪನಿ. ನಡುವೆ ಸಣ್ಣ ಸಂಸ್ಥಾನ. ಆತನು ಮಾಡಿದ ಆಯ್ಕೆಯನ್ನು ಇಂದಿನ ಅರಿವಿನಿಂದ ಅಳೆದು ತಲೆತಗ್ಗಿಸುವುದೂ ತಪ್ಪು, ಮುಚ್ಚಿಡುವುದೂ ತಪ್ಪು.

ಯುದ್ಧ ಮುಗಿದ ಮೇಲೆ ಏನಾಯಿತೆಂಬುದೇ ಇಲ್ಲಿ ಮುಖ್ಯ. ನೆರವಿಗೆ ಪ್ರತಿಯಾಗಿ ಮನ್ರೋನು ಕಿತ್ತೂರಿನ ಸಂಸ್ಥಾನವನ್ನು ಮನ್ನಿಸಿ ಮುಂದುವರಿಸಿದನು. ದೇಸಾಯಿಯು ವರ್ಷ ವರ್ಷ ಕಪ್ಪ ತೆರಬೇಕೆಂದಾಯಿತು. ಜಮಖಂಡಿ, ಸಾಂಗಲಿ, ಮೀರಜಗಳ ಪಟವರ್ಧನರೂ, ಮುಧೋಳದ ಘೋರ್ಪಡೆಯವರೂ, ರಾಮದುರ್ಗ-ನರಗುಂದಗಳ ಭಾವೆಯವರೂ ತಮ್ಮ ತಮ್ಮ ಸಂಸ್ಥಾನಗಳನ್ನು ಉಳಿಸಿಕೊಂಡರು. ಇವರಲ್ಲಿ ಬಹುತೇಕರ ಗಾದಿಗಳು 1948ರವರೆಗೂ ನಡೆದವು. ನರಗುಂದವು 1858ರ ಬಂಡಾಯದಲ್ಲಿ ಹೋಯಿತು. ಕಿತ್ತೂರಿಗೆ ಸಿಕ್ಕಿದ್ದು ಆರೇ ವರ್ಷ. 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ, ದತ್ತಕವು ಸಲ್ಲದೆಂದು ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿದನು. ದತ್ತಕ ನಿರಾಕರಣೆಯ ನೀತಿಗೆ ಡಾಲ್‌ಹೌಸಿಯ ಹೆಸರನ್ನು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಆತನು ಸಾತಾರೆಯನ್ನು ನುಂಗಿದ್ದು 1848ರಲ್ಲಿ. ಅದಕ್ಕೆ 24 ವರ್ಷ ಮೊದಲೇ ಕಿತ್ತೂರು ಅದೇ ನೀತಿಯ ರುಚಿ ಕಂಡಿತು.

ಈಗ ಯೋಚಿಸಿರಿ. 1818ರ ನೆರವನ್ನು ತಿಳಿದವನಿಗೆ ಮಾತ್ರ 1824ರ ಕೋಪದ ಆಳ ತಿಳಿಯುತ್ತದೆ. ಚೆನ್ನಮ್ಮಾಜಿಯ ಎದುರಿಗೆ ನಿಂತದ್ದು ಅಪರಿಚಿತ ಶತ್ರುವಲ್ಲ. ತನ್ನ ಮನೆತನದ ಸಹಾಯ ಪಡೆದು ಅದನ್ನು ಮರೆತ ಸರಕಾರ. ಈ ಎಳೆಯನ್ನು ಕತ್ತರಿಸಿದರೆ ಆಕೆಯ ಹೋರಾಟ ಬರಿಯ ಆವೇಶವಾಗಿ ಕಾಣುತ್ತದೆ; ಸೇರಿಸಿದರೆ ನ್ಯಾಯದ ಕೂಗಾಗುತ್ತದೆ. ಹಾಗೆಯೇ ಅಕ್ಟೋಬರ್‌ಗೇ ಪರದೆ ಎಳೆಯುವ ನಾಟಕವೂ ಅಪೂರ್ಣ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಕಿತ್ತೂರಿನಾಚೆಗೂ ಆ ಯುದ್ಧದ ಫಲವನ್ನು ನೋಡಬೇಕು. ಪೇಶ್ವೆಯಿಂದ ಬಂದ ಈ ಕನ್ನಡ ನಾಡು ಮುಂಬಯಿ ಇಲಾಖೆಗೆ ಸೇರಿತು. ಬಳ್ಳಾರಿ ಆಗಲೇ ಮದ್ರಾಸಿಗೆ ಸೇರಿತ್ತು, ರಾಯಚೂರು ನಿಜಾಮನಲ್ಲಿತ್ತು, ಮೈಸೂರು ಒಡೆಯರಲ್ಲಿತ್ತು. ಇಂಗ್ಲಿಷರ ಕಾಗದಪತ್ರಗಳಲ್ಲಿ ನಮ್ಮ ಸೀಮೆಯ ಹೆಸರೇ ದಕ್ಷಿಣ ಮರಾಠಾ ದೇಶವೆಂದಾಯಿತು. ಜನರ ಬಾಯಲ್ಲಿ ಕನ್ನಡ, ಕಚೇರಿಯ ದಫ್ತರದಲ್ಲಿ ಮರಾಠಿ. ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಿಸಬೇಕಾಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಬೇಕಾಯಿತು. ನಾಡು ಒಂದಾದದ್ದು 1956ರ ನವೆಂಬರ್ 1ರಂದು. 1818ರಿಂದ ಎಣಿಸಿದರೆ 138 ವರ್ಷ. ಇಷ್ಟು ದೀರ್ಘವಾದ ಪರಿಣಾಮ ಯಾವ ಕೋಟೆಯ ಗೋಡೆ ಒಡೆದದ್ದರಿಂದಲೂ ಆದದ್ದಲ್ಲ. ಗೆದ್ದ ಮೇಲೆ ಕಚೇರಿಯಲ್ಲಿ ಕುಳಿತು ಗೆರೆ ಎಳೆದದ್ದರಿಂದ ಆದದ್ದು. ಯುದ್ಧವನ್ನು ವರ್ಣಿಸುವಲ್ಲಿ ನಮ್ಮವರಿಗಿರುವ ಉತ್ಸಾಹ, ಯುದ್ಧಾನಂತರದ ಏರ್ಪಾಡನ್ನು ಪರಿಶೀಲಿಸುವಲ್ಲಿ ಇಲ್ಲದಿರುವುದು ವಿಷಾದದ ಸಂಗತಿ.

ಮಠದ ಪ್ರಸಾದನಿಲಯದಲ್ಲಿದ್ದು ಓದಿದ ಅನೇಕರು ಇಂದು ಶಿಕ್ಷಕರಾಗಿದ್ದೀರಿ, ಊರಿನ ನಾಟಕಗಳಿಗೆ ಮಾತು ಬರೆದುಕೊಡುತ್ತೀರಿ, ಉತ್ಸವಗಳಲ್ಲಿ ಭಾಷಣ ಮಾಡುತ್ತೀರಿ. ತಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಕಿತ್ತೂರಿನ ನಾಟಕ ಬರೆಯುವಾಗ ಮೊದಲನೆಯ ಅಂಕವನ್ನು 1818ರ ಏಪ್ರಿಲ್‌ನ ಬೆಳಗಾವಿಯ ಕೋಟೆಯ ಹೊರಗೆ ಇರಿಸಿರಿ. ಮನ್ರೋನ ಪಾಳೆಯದಲ್ಲಿ ಕಿತ್ತೂರಿನ ಜನ ನಿಂತಿರಲಿ. ಅವರು ಅಲ್ಲಿಗೆ ಏಕೆ ಬಂದರೆಂಬುದನ್ನು ಪಾತ್ರಗಳೇ ಹೇಳಲಿ. ಆಮೇಲೆ ಚೆನ್ನಮ್ಮಾಜಿ ರಂಗಕ್ಕೆ ಬಂದಾಗ ಆಕೆಯ ಒಂದೊಂದು ಮಾತಿಗೂ ಪ್ರೇಕ್ಷಕರಿಗೆ ಕಾರಣ ಗೊತ್ತಿರುತ್ತದೆ.