ಷಾರ್ಲೆಟ್ ಲ್ಯೂಕಸ್: ಗೆಳೆತನ ಮತ್ತು ವಿವಾಹದ ನಡುವೆ

ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ (1813) ಕಾದಂಬರಿಯ ಚರ್ಚೆ ಬಹುಮಟ್ಟಿಗೆ ಎಲಿಜಬೆತ್ ಹಾಗೂ ಡಾರ್ಸಿಯರ ಸಂಬಂಧವನ್ನೇ ಸುತ್ತುವರಿದಿದೆ. ಎಲಿಜಬೆತ್ ಮತ್ತು ಷಾರ್ಲೆಟ್ ಲ್ಯೂಕಸ್‌ರ ಗೆಳೆತನವು ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಎತ್ತುತ್ತದೆಂಬುದು ನನ್ನ ಅಭಿಪ್ರಾಯ. ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳಿದ್ದರೂ ಆಸ್ತಿ ಗಂಡು ವಾರಸುದಾರನಾದ ಬಂಧು ಕಾಲಿನ್ಸ್‌ನಿಗೇ ಸಲ್ಲತಕ್ಕದ್ದು. ಎಲಿಜಬೆತ್ ನಿರಾಕರಿಸಿದ ಆತನನ್ನು 27 ವರ್ಷದ ಷಾರ್ಲೆಟ್ ಕೆಲವೇ ದಿನಗಳಲ್ಲಿ ಒಪ್ಪಿಕೊಳ್ಳುತ್ತಾಳೆ. ಅಕ್ಕ ಮದುವೆಯಿಲ್ಲದೆ ಉಳಿದಾಳೆಂಬ ಭಯ ನೀಗಿತೆಂದು ಅವಳ ತಮ್ಮಂದಿರು ನಿಟ್ಟುಸಿರುಬಿಡುತ್ತಾರೆ. ಈ ಮಾತನ್ನು ಗಮನಿಸದೆ ಅವಳನ್ನು ಬರಿಯ ಲೆಕ್ಕಾಚಾರದ ಹೆಣ್ಣೆನ್ನುವುದು ಸಲ್ಲದು. ಎಲಿಜಬೆತ್‌ಳಿಗಾದರೋ ತಮ್ಮಿಬ್ಬರಲ್ಲಿ ಇನ್ನು ಮೊದಲಿನ ವಿಶ್ವಾಸ ಉಳಿಯದೆನಿಸುತ್ತದೆ.

ಜನಪದ ಕಥೆಗಳಲ್ಲಿ ನಾಯಕಿಯ ಗೆಳತಿ ಸಾಮಾನ್ಯವಾಗಿ ನೆರವಾಗುವವಳು, ಇಲ್ಲವೇ ಕೇಡು ಬಗೆಯುವವಳು. ಷಾರ್ಲೆಟ್ ಎರಡೂ ಅಲ್ಲ. ಮದುವೆಯ ನಂತರ ಹನ್ಸ್‌ಫರ್ಡ್‌ನ ಮನೆಯಲ್ಲಿ ಅವಳು ತನಗಾಗಿ ಆರಿಸಿಕೊಂಡಿರುವುದು ಹಿಂಬದಿಯ, ಅಷ್ಟೇನೂ ಅಂದವಲ್ಲದ ಕೋಣೆ. ಒಳ್ಳೆಯ ಕೋಣೆಯನ್ನು ಬಿಟ್ಟುದೇಕೆಂದು ಅತಿಥಿಯಾಗಿ ಬಂದ ಎಲಿಜಬೆತ್ ಮೊದಲು ಅಚ್ಚರಿಪಡುತ್ತಾಳೆ. ಕಾರಣ ಬೇಗನೆ ಹೊಳೆಯುತ್ತದೆ. ಹೆಂಡತಿಯ ಕೋಣೆಯೂ ಹಿತವಾಗಿದ್ದರೆ ಗಂಡ ತನ್ನ ಕೋಣೆಯಲ್ಲಿ ಕೂರುತ್ತಿರಲಿಲ್ಲ! ತೋಟದ ಕೆಲಸ ಆರೋಗ್ಯಕ್ಕೆ ಒಳಿತೆಂದು ಅವನನ್ನು ಹುರಿದುಂಬಿಸುವವಳೂ ಇವಳೇ. ಎಲಿಜಬೆತ್ ಆ ಏರ್ಪಾಡನ್ನು ಮನಸ್ಸಿನಲ್ಲೇ ಮೆಚ್ಚುತ್ತಾಳೆ. ಗೆಳತಿಯೊಡನೆ ಅದರ ಮಾತೆತ್ತುವುದಿಲ್ಲ.