ನೀರಿನಾಚೆಯ ಕೋಟೆ

ಜಪಾನಿನ ಹಳೆಯ ರೋಲ್-ಪ್ಲೇಯಿಂಗ್ ಗೇಮುಗಳನ್ನು ಮೊದಲ ಸಲ ಆಡಿದವರ ದೂರು ಹೆಚ್ಚುಕಡಿಮೆ ಒಂದೇ: ನಿಧಾನ, ಬರೀ ಬಡಿದಾಟ, ಮಾಡಿದ್ದನ್ನೇ ಮಾಡುತ್ತಿರಬೇಕು. ದೂರು ಸುಳ್ಳಲ್ಲ, ಆದರೆ ಆ ನಿಧಾನ ಏತಕ್ಕೆಂದು ಅದು ಕೇಳುವುದಿಲ್ಲ. ಈ ಪರಂಪರೆಗೆ ಅಚ್ಚು ಹಾಕಿಕೊಟ್ಟ ‘ಡ್ರ್ಯಾಗನ್ ಕ್ವೆಸ್ಟ್’ 1986ರ ಮೇ ತಿಂಗಳಲ್ಲಿ ಎನಿಕ್ಸ್ ಕಂಪನಿಯಿಂದ ಬಂತು. ಯೂಜಿ ಹೋರಿಯಿ ರೂಪಿಸಿ, ಅಕಿರಾ ತೊರಿಯಾಮಾ ಚಿತ್ರ ಬರೆದು, ಕೊಯಿಚಿ ಸುಗಿಯಾಮಾ ಸಂಗೀತ ಕೊಟ್ಟ ಇಡೀ ಆಟ 64 ಕಿಲೋಬೈಟಿನಲ್ಲಿ ಕೂತಿತ್ತು. ಅರಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ನೀರಿನಾಚೆ ವೈರಿಯ ಕೋಟೆ ಕಾಣುತ್ತದೆ. ಅಷ್ಟು ಹತ್ತಿರದ ಅದನ್ನು ಮುಟ್ಟಲು ನಾಡೆಲ್ಲ ಸುತ್ತಬೇಕು. ಹಾದಿಗೆ ಬೇಲಿಯೇನಿಲ್ಲ, ಸೇತುವೆ ದಾಟಿದಂತೆ ಎದುರಾಗುವ ಪ್ರಾಣಿಗಳು ಬಲವಾಗುತ್ತವೆ, ಅಷ್ಟೆ. ಸ್ಲೈಮ್ ಎಂಬ ಹನಿಯಾಕಾರದ ಜೀವಿಯನ್ನು ಕೊಂದರೆ ಸಿಗುವ ಅನುಭವಾಂಕ 1, ಎರಡನೇ ಲೆವೆಲ್ಲಿಗೆ ಬೇಕಾದದ್ದು 7. ಸತ್ತವನು ರಾಜನ ಮುಂದೆಯೇ ಕಣ್ಣು ಬಿಡುತ್ತಾನೆ: ಹಣ ಅರ್ಧ ಹೋಗಿರುತ್ತದೆ, ಗಳಿಸಿದ ಅನುಭವ ಪೂರ್ತಿ ಉಳಿದಿರುತ್ತದೆ. ಈ ಲೆಕ್ಕಾಚಾರದಿಂದಾಗಿ ಆಟಗಾರ ಒಂದೊಂದು ಬಯಲನ್ನೂ ಹತ್ತಾರು ಸಲ ತುಳಿಯುತ್ತಾನೆ, ಯಾವ ಕಾಡಿನಲ್ಲಿ ಏನಿದೆಯೆಂದು ಕಾಲಿಗೆ ಗೊತ್ತಾಗುತ್ತದೆ. ನಾಡನ್ನು ಉಳಿಸುವ ಮೊದಲು ಅದರ ಗುರುತಾಗಬೇಕೆಂಬ ಹಟ ಈ ನಿಧಾನದಲ್ಲಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಥೆ ಮೊದಲೇ ಬರೆದಿಟ್ಟದ್ದು, ಆಡುವವನು ಅದನ್ನು ಬದಲಿಸಲಾರ. ಇದು ಪಾತ್ರ ವಹಿಸುವ ಆಟ ಹೇಗಾದೀತು? ನಮ್ಮ ದೋರನಹಳ್ಳಿಯ ಸುತ್ತಿನ ಶಹಾಪುರ–ಸುರಪುರ ಸೀಮೆಯಲ್ಲಿ ದೊಡ್ಡಾಟವೆಂಬ ಬಯಲು ನಾಟಕ ಕಂಡವರು ಈ ಆಕ್ಷೇಪವನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ದುರ್ಯೋಧನ ಸೋಲುತ್ತಾನೆಂಬುದು ಕೂತವರಿಗೆಲ್ಲ ಗೊತ್ತು, ಆ ವೇಷ ಕಟ್ಟಿದವನಿಗೂ ಗೊತ್ತು. ಒಕ್ಕಲುತನದವನೊಬ್ಬ ಮಾಸ್ತರರ ಕೈಕೆಳಗೆ ತಾಲೀಮು ಮಾಡಿ, ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬೆಳತನಕ ಕುಣಿಯುವುದು ಕಥೆಯನ್ನು ತಿದ್ದಲಿಕ್ಕಲ್ಲ, ಆ ಪಾತ್ರದ ಭಾರ ಹೊರಲಿಕ್ಕೆ. ಹಾಗೆ ಹೊತ್ತಮೇಲೆ ಗೊತ್ತಿದ್ದ ಸೋಲೂ ಅವನದೇ ಆಗುತ್ತದೆ. ಜಪಾನಿ ಆಟದ ಪಾತ್ರಧಾರಣೆಯೂ ಈ ಬಗೆಯದು. ವ್ಯತ್ಯಾಸವೊಂದಿದೆ, ಅದು ದೊಡ್ಡದು. ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ಯಾರೆಂದು ಕೇಳುತ್ತಾನೆ. ಪಾತ್ರ ತನ್ನ ಹೆಸರು, ಸ್ಥಳ, ಪ್ರತಾಪವನ್ನು ತಾನೇ ಸಾರುತ್ತದೆ. ಡ್ರ್ಯಾಗನ್ ಕ್ವೆಸ್ಟಿನ ನಾಯಕ ಹೆಚ್ಚುಕಡಿಮೆ ಮೂಕ, ಮಾತೆಲ್ಲ ಊರ ಜನರದು. ಕೀಲಿಕೈ ಎಲ್ಲಿ ಸಿಗುತ್ತದೆ, ರಾಜಕುಮಾರಿಯನ್ನು ಎತ್ತ ಒಯ್ದರು, ಯಾವ ಊರು ಹಾಳುಬಿತ್ತು ಎಂಬುದು ಅಂಗಡಿಯವ, ಮುದುಕ, ಕಾವಲುಗಾರರ ಬಾಯಿಂದ ಚೂರುಚೂರಾಗಿ ಬರುತ್ತದೆ. ಬಡಿದಾಟ ಹಾದಿಯ ಸುಂಕ. ಆಟದ ಸತ್ವ ಈ ಮಾತುಗಳಲ್ಲಿದೆ.

ಹಾಗೆಂದು ಪರಂಪರೆಯ ಎಲ್ಲ ಆಟಗಳಿಗೂ ಈ ಸಮರ್ಥನೆ ಸಲ್ಲದು. 1994ರ ‘ಫೈನಲ್ ಫ್ಯಾಂಟಸಿ 6’ರಲ್ಲಿ ನಡುದಾರಿಯಲ್ಲೇ ಲೋಕ ಕುಸಿದುಬೀಳುತ್ತದೆ, ನಡೆದು ಬಲ್ಲ ಊರುಗಳು ಹಾಳುಬಿದ್ದಾಗ ಆಗುವ ಸಂಕಟಕ್ಕೆ ಅಷ್ಟು ಹೊತ್ತಿನ ನಿಧಾನವೇ ಕಾರಣ. ಆದರೆ ಇಂಥ ಕಾರಣವಿಲ್ಲದೆ, ನಾಲ್ಕು ಹೆಜ್ಜೆಗೊಂದು ಕಾಳಗ ತುರುಕಿ ಗಂಟೆಗಳನ್ನು ಹಿಗ್ಗಿಸಿದ ಅನುಕರಣೆಗಳು ಧಾರಾಳ. ಅವುಗಳ ಮಟ್ಟಿಗೆ ಮೊದಲ ಸಲ ಆಡಿದವನ ದೂರೇ ಸರಿ.

ನಮ್ಮ ಕಡೆಯ ಹುಡುಗರ ಮಟ್ಟಿಗೆ ಆ ದೂರಿಗೆ ಮತ್ತೊಂದು ಕಾರಣವಿದೆ. ಡ್ರ್ಯಾಗನ್ ಕ್ವೆಸ್ಟ್ 1989ರಲ್ಲಿ ಅಮೆರಿಕಕ್ಕೆ ಹೋದಾಗ ಅದರ ಜನರಿಗೆ ಹಳೆಯ ಕಾಲದ, ನಾಟಕದ ಇಂಗ್ಲಿಷ್ ತೊಡಿಸಿದರು. 2014ರಲ್ಲಿ ಮೊಬೈಲಿಗೂ ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಇಲ್ಲ. ಊರವರ ಮಾತೇ ತಿಳಿಯದವನಿಗೆ ಈ ಆಟದಲ್ಲಿ ಉಳಿಯುವುದು ಸ್ಲೈಮ್ ಬಡಿಯುವುದೊಂದೇ. ಅವನು ಬೇಸತ್ತರೆ ತಪ್ಪು ಅವನ ತಾಳ್ಮೆಯದಲ್ಲ. ಇದನ್ನು ಕನ್ನಡಕ್ಕೆ ತರುವುದು ಆಗದ ಕೆಲಸವೂ ಅಲ್ಲ. ಅಷ್ಟು ಚಿಕ್ಕ ಆಟದಲ್ಲಿ ಇರುವ ಮಾತೂ ಕಡಿಮೆ. ಅದಕ್ಕೆ ಬೇಕಾದ ಮಾದರಿ ದೊಡ್ಡಾಟದಲ್ಲೇ ಸಿದ್ಧವಾಗಿದೆ: ರಾಜರದು ಗ್ರಂಥಸ್ಥ ಗತ್ತಿನ ನುಡಿ, ಸಾರಥಿಯದು ಜನ ಆಡುವ ಮಾತು. ಆಟದ ರಾಜನಿಗೆ ಮೊದಲನೆಯದು ಹೊಂದುತ್ತದೆ. ಅಂಗಡಿಯವನು, ಬಾವಿಕಟ್ಟೆಯ ಮುದುಕಿ, ಕೋಟೆ ಬಾಗಿಲ ಕಾವಲುಗಾರ ಶಹಾಪುರದ ಸಂತೆಯಲ್ಲಿ ಕೇಳುವ ಕನ್ನಡದಲ್ಲೇ ದಾರಿ ಹೇಳಬಹುದು.