ಯಾರದ್ದೂ ಅಲ್ಲದ ತಾಲೀಮು

ಪರೀಕ್ಷೆ ಮುಗಿದು ಕಾಲೇಜಿನ ಗೇಟಿಗೆ ಬೀಗ ಬಿದ್ದ ಮೇಲೆಯೇ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಕಬಡ್ಡಿಗೆ ಕಳೆ ಬರುವುದು. ಕಾಲೇಜು ತಂಡದ ಹುಡುಗರು ಊರಿಗೆ ಮರಳುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೆಯ ಆಟಗಾರರು ಜಾತ್ರೆಗೆಂದು ರಜೆ ಹಾಕಿ ಬರುತ್ತಾರೆ. ಶಾಲೆಯ ಹಿಂದಿನ ಬಯಲಲ್ಲೋ ಬತ್ತಿದ ಕೆರೆಯಂಗಳದಲ್ಲೋ ಕಲ್ಲು ಆರಿಸಿ, ನೀರು ಚಿಮುಕಿಸಿ, 13 ಮೀಟರ್ ಉದ್ದ 10 ಮೀಟರ್ ಅಗಲಕ್ಕೆ ಸುಣ್ಣದ ಗೆರೆ ಎಳೆದರೆ ಬೇಸಿಗೆಯ ಪ್ರಾಕ್ಟೀಸ್ ಶುರು. ಇದಕ್ಕೆ ಹಾಜರಿ ಪುಸ್ತಕವಿಲ್ಲ, ನೇಮಕವಾದ ಕೋಚ್ ಇಲ್ಲ, ಖರ್ಚಿನ ಬಾಬತ್ತೂ ಇಲ್ಲ. ಆದರೂ ಅಂತರ ಕಾಲೇಜು ಪಂದ್ಯಗಳಿಗೆ ಹೋಗುವ ಈ ಭಾಗದ ಹುಡುಗರ ಆಟ ಬಹುಪಾಲು ಇಲ್ಲೇ ಕುದುರುತ್ತದೆ. ಹುಡುಗರ ಹುಮ್ಮಸ್ಸು ಎಂದು ಬೆನ್ನು ತಟ್ಟಿ ಸುಮ್ಮನಾಗುವ ಬದಲು ಇದನ್ನೊಂದು ತರಬೇತಿ ಪದ್ಧತಿಯೆಂದೇ ತೂಗಿ ನೋಡುವುದು ನ್ಯಾಯ.

ಮೊದಲು ಇದರ ಹೆಚ್ಚುಗಾರಿಕೆ. ಆಟದ ಕಸುಬು ಕಲಿಸುವುದರಲ್ಲಿ ಈ ಅಂಗಳಗಳನ್ನು ಮೀರಿಸುವುದು ಕಷ್ಟ. ಮೂಲೆಯಲ್ಲಿ ನಿಂತ ಹೊಸಬನಿಗೆ ಸೀನಿಯರ್ ಅಣ್ಣ ಆ್ಯಂಕಲ್ ಹೋಲ್ಡ್ ಹೇಳಿಕೊಡುವ ರೀತಿ ನೋಡಿ. ಎದುರಾಳಿ ಅಂಗಳದಲ್ಲಿ ಆರು ಅಥವಾ ಹೆಚ್ಚು ಜನ ಇದ್ದಾಗ ಮಾತ್ರ ರೈಡರ್‌ಗೆ ಬೋನಸ್ ಉಂಟು. ಮುಂದಿನ ಕಾಲು ಬೋನಸ್ ಗೆರೆ ದಾಟಿ ನೆಲ ಮುಟ್ಟಿದಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಅಂದರೆ ಆ ಗಳಿಗೆಯಲ್ಲಿ ಅವನು ಒಂಟಿ ಕಾಲಿನ ಮೇಲಿದ್ದಾನೆ. ಹಿಡಿದರೆ ಆಗಲೇ ಹಿಡಿಯಬೇಕು, ಅರೆ ಕ್ಷಣ ತಡವಾದರೆ ಅವನ ತೂಕ ವಾಪಸ್ ಹಿಂಗಾಲಿಗೆ ಬಂದಿರುತ್ತದೆ. ಹಿಡಿಯುವಾಗ ತಲೆ ಅವನ ಮೊಣಕಾಲಿನ ದಾರಿಗೆ ಅಡ್ಡ ಬರಬಾರದು. ಇಷ್ಟನ್ನು ಅಣ್ಣ ಬಾಯಲ್ಲಿ ಹೇಳುವುದು ಕಡಿಮೆ. ತಾನೇ ರೈಡರ್ ಆಗಿ ಮತ್ತೆ ಮತ್ತೆ ಕಾಲು ಚಾಚುತ್ತಾನೆ, ಹುಡುಗ ತಪ್ಪಿದಾಗಲೆಲ್ಲ ಗೆರೆ ಮುಟ್ಟಿ ಓಡಿ ನಗುತ್ತಾನೆ. ವ್ಯಾಯಾಮದ ಪೀರಿಯಡ್ಡಿನಲ್ಲಿ ಇಡೀ ತರಗತಿಯನ್ನು ಸಂಭಾಳಿಸಬೇಕಾದ ಮೇಷ್ಟರಿಗೆ ಒಬ್ಬನ ಮೇಲೆ ಇಷ್ಟು ಹೊತ್ತು ಕೊಡುವುದು ಆಗುವ ಮಾತಲ್ಲ. ಕಾಲೇಜಿನಲ್ಲಿ ಒಂದು ತಂಡದ ಆಯುಷ್ಯ ಮೂರೇ ವರ್ಷ. ಊರ ಅಂಗಳದಲ್ಲಿ ಮಾತ್ರ ಒಂದು ತಲೆಮಾರಿನ ಪಟ್ಟುಗಳು ಮುಂದಿನ ತಲೆಮಾರಿಗೆ ದಾಟುತ್ತವೆ.

ತೊಂದರೆ ಇರುವುದು ಆಟದಲ್ಲಲ್ಲ, ಆಟಕ್ಕಿಂತ ಮುಂಚೆ ಮೈ ಹದ ಮಾಡುವ ವಿಧಾನದಲ್ಲಿ. ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಮೈಲಿಗಟ್ಟಲೆ ಓಟ, ಆಮೇಲೆ ಕಪ್ಪೆ ಜಿಗಿತ, ಬಸ್ಕಿ, ದಂಡ, ಸುಸ್ತಾಗಿ ಒಬ್ಬ ಕೂರುವ ತನಕ. ಕಬಡ್ಡಿಯಲ್ಲಿ ಒಂದು ರೈಡ್ 30 ಸೆಕೆಂಡ್. ತಲಾ 20 ನಿಮಿಷದ ಎರಡು ಅವಧಿಯಲ್ಲಿ ಆಟಗಾರನಿಗೆ ಬೇಕಾದ್ದು ಹತ್ತಾರು ಸಲ ಸಿಡಿದು, ನಡುವೆ ಅಷ್ಟಿಷ್ಟು ಉಸಿರು ತಿರುಗಿಸಿಕೊಂಡು, ಮತ್ತೆ ಸಿಡಿಯುವ ಶಕ್ತಿ. ಒಂದೇ ವೇಗದ ಉದ್ದನೆಯ ಓಟದಿಂದ ಅದು ಪೂರ್ತಿ ದಕ್ಕುವುದಿಲ್ಲ. ಚಿಕ್ಕ ಚಿಕ್ಕ ಓಟ, ದಿಕ್ಕು ಬದಲಿಸುವ ಹೆಜ್ಜೆ, ಅಳೆದು ಕೊಟ್ಟ ವಿಶ್ರಾಂತಿ ಬೇಕು.

ಹಾಗಿದ್ದೂ ಎಲ್ಲರೂ ಏಕೆ ಅಷ್ಟು ದೂರ ಓಡುತ್ತಾರೆ? ಉತ್ತರ ಕಬಡ್ಡಿಯ ಹೊರಗಿದೆ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಯ ಹುಡುಗನಿಗೆ ಟ್ರೋಫಿಗಿಂತ ಖಾಕಿ ದೊಡ್ಡದು, ಅದರಲ್ಲಿ ತಪ್ಪೇನೂ ಇಲ್ಲ. ಎರಡೂ ಗುರಿಗೆ ಒಂದೇ ಕಸರತ್ತು ಸಾಕು ಎಂದುಕೊಳ್ಳುವುದು ಮಾತ್ರ ತಪ್ಪು. ಕಾನ್‌ಸ್ಟೆಬಲ್ ಆಗಲು ಓಡುವವನ ತಾಲೀಮನ್ನೇ ರೈಡರ್ ಮೇಲೂ ಹೇರಿದರೆ ಸಂಜೆ ಅಂಗಳಕ್ಕೆ ಬರುವ ಹೊತ್ತಿಗೆ ಅವನ ಕಾಲಲ್ಲಿ ಚುರುಕು ಉಳಿದಿರುವುದಿಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟವನ್ನೂ, ಕೊರಟಗೆರೆ ಕಡೆ ಸಿದ್ದರಬೆಟ್ಟವನ್ನೂ ತಾಲೀಮಿಗೆ ಬಳಸುವ ಹುರುಪಿಗೆ ಇದೇ ಮಾತು. ಹತ್ತುವುದು ತೊಡೆಗೂ ಶ್ವಾಸಕ್ಕೂ ಒಳ್ಳೆಯದೇ. ಇಳಿಯುವಾಗಿನ ಹೊರೆ ಬೇರೆ: ತೊಡೆಯ ಸ್ನಾಯು ಹಿಗ್ಗುತ್ತಲೇ ತೂಕ ತಡೆಯಬೇಕಾಗುತ್ತದೆ, ಅಭ್ಯಾಸವಿಲ್ಲದವನಿಗೆ ಮಾರನೆಯ ದಿನ ಮೆಟ್ಟಿಲು ಇಳಿಯಲೂ ಆಗದಷ್ಟು ನೋವು. ಅದೇ ನೋವಿನ ಮೇಲೆ ಡ್ಯಾಶ್, ಬ್ಲಾಕ್ ಆಡಿದರೆ ಮೊಣಕಾಲಿಗೆ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು. ಈ ಅಂಗಳಗಳಲ್ಲಿ ಮೈ ನೋವೇ ಪ್ರಗತಿಯ ಅಳತೆಗೋಲು. ಇನ್ನೊಂದು ಅಳತೆ ಯಾರ ಬಳಿಯೂ ಇಲ್ಲ.

ಇದಕ್ಕಿಂತ ಗಂಭೀರವಾದದ್ದು ಬಿಸಿಲಿನ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಪಾವಗಡದ ಹಗಲು 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಸೆಕೆಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ಪರೀಕ್ಷೆಗೆಂದು ತಿಂಗಳುಗಟ್ಟಲೆ ರೂಮಿನಲ್ಲಿ ಕೂತಿದ್ದ ಹುಡುಗ ಬಂದ ಮೊದಲ ದಿನವೇ ಎಲ್ಲರ ಸಮಕ್ಕೆ ಓಡಬೇಕು. ನಡುವೆ ಬಾಟಲಿಗೆ ಕೈ ಹಾಕಿದರೆ, ‘ಈಗ್ಲೇ ನೀರ್ ಕುಡೀಬ್ಯಾಡ ಕಣ್ಲಾ, ದಮ್ಮು ಹೋಗ್ತದೆ’ ಎನ್ನುವ ಬುದ್ಧಿವಾದ. ಕಾಲು ಹಿಡಿಯುವುದನ್ನು ಅಷ್ಟು ನಾಜೂಕಾಗಿ ಕಲಿಸಿದ ಅಣ್ಣನೇ ಈ ಮಾತನ್ನೂ ಕಲಿಸುತ್ತಾನೆ. ಅವನ ಒಂದು ಪಾಠ ಅನುಭವದಿಂದ ಬಂದದ್ದು, ಇನ್ನೊಂದು ಬರೀ ಮೂಢನಂಬಿಕೆ. ಕೇಳುವ ಹುಡುಗನಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವ ದಾರಿಯಿಲ್ಲ.

ಹಣ, ಕೋಚ್, ಡಾಕ್ಟರ್ ಎಲ್ಲ ಇರುವ ಕಡೆಯೂ ಬಿಸಿಲಿನ ಈ ಲೆಕ್ಕ ತಪ್ಪಿದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ, ಮೈಗೆ ಮೈ ಡಿಕ್ಕಿ ಕೊಡುವುದರಲ್ಲಿ ಅದು ಕಬಡ್ಡಿಗೇ ಹತ್ತಿರ. 2003ರಿಂದಲೇ ಅಲ್ಲಿ ಸೀಸನ್‌ಗೆ ಮುಂಚಿನ ಅಭ್ಯಾಸದ ಮೊದಲ ಐದು ದಿನ ಸೆಕೆಗೆ ಒಗ್ಗಿಸಲೆಂದು ಮೀಸಲಾಗಿತ್ತು. ಹಾಗಿದ್ದೂ 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೇಸಿಗೆ ಕಸರತ್ತಿನಲ್ಲಿ 19 ವರ್ಷದ ಜೋರ್ಡನ್ ಮೆಕ್‌ನೇರ್ ಸಾಲು ಓಟಗಳ ನಡುವೆ ಕುಸಿದ. ಬಿಸಿಲಾಘಾತಕ್ಕೆ ಮೊದಲ ಚಿಕಿತ್ಸೆ ಮೈಯನ್ನು ತಣ್ಣೀರಿನಲ್ಲಿ ಮುಳುಗಿಸುವುದು, ಆಸ್ಪತ್ರೆಯ ದಾರಿ ಆಮೇಲೆ. ಆ ಕೆಲಸ ಅಲ್ಲಿ ಆಗಲಿಲ್ಲ. ಜೂನ್ 13ರಂದು ಹುಡುಗ ತೀರಿಕೊಂಡ. ವಿಶ್ವವಿದ್ಯಾಲಯದ ಅಧ್ಯಕ್ಷರು ಕಾನೂನಿನ ಮತ್ತು ನೈತಿಕ ಹೊಣೆ ತಮ್ಮದೆಂದು ಬಹಿರಂಗವಾಗಿ ಒಪ್ಪಿಕೊಂಡರು. ಹೊಣೆ ಹೊರಲು ಅಲ್ಲಿ ಒಂದು ಸಂಸ್ಥೆಯಾದರೂ ಇತ್ತು. ನಮ್ಮ ಕೆರೆಯಂಗಳದಲ್ಲಿ ಒಬ್ಬ ಕುಸಿದರೆ ಕಾಲೇಜಿಗೆ ರಜೆ, ಊರಿಗೆ ಅದು ಹುಡುಗರಾಟ, ಅಣ್ಣನಿಗೆ ಅಧಿಕಾರವೂ ಇಲ್ಲ, ಹೊಣೆಯೂ ಇಲ್ಲ.

ಈ ತಾಲೀಮಿಗೆ ಒಂದು ಕೊನೆಯ ದಿನವೂ ಗೊತ್ತಿಲ್ಲ. ಅಮೆರಿಕದ ಹುಡುಗನಿಗೆ ಬೇಸಿಗೆ ಕಳೆದ ಮೇಲೆ ಪಂದ್ಯ, ಹಾಗಾಗಿ ಹಂತ ಹಂತವಾಗಿ ಏರಬಹುದು. ಇಲ್ಲಿ ಜಾತ್ರೆಗಳೂ ಹೊನಲು ಬೆಳಕಿನ ಪಂದ್ಯಾವಳಿಗಳೂ ಬೇಸಿಗೆಯಲ್ಲೇ ಬರುತ್ತವೆ. ಬೆಳಿಗ್ಗೆ ಬೆಟ್ಟ ಹತ್ತಿದವನು ರಾತ್ರಿ ಪಕ್ಕದೂರಿನಲ್ಲಿ ನಗದು ಬಹುಮಾನಕ್ಕೆ ಆಡಿ, ನಿದ್ದೆಗೆಟ್ಟು, ಮತ್ತೆ ಬೆಳಿಗ್ಗೆ ಓಡಲು ಬರುತ್ತಾನೆ. ಕಟ್ಟುವುದಕ್ಕೂ ಖರ್ಚು ಮಾಡುವುದಕ್ಕೂ ಅವನಿಗೆ ಸಿಗುವುದು ಒಂದೇ ಎರಡು ತಿಂಗಳು. ಇದರ ಮೇಲೆ ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟ್ ಮೇಲೆ. ಮಣ್ಣಿನಲ್ಲಿ ಪಾದ ಜಾರುತ್ತದೆ, ಮ್ಯಾಟ್‌ನಲ್ಲಿ ಶೂ ಕಚ್ಚಿಕೊಳ್ಳುತ್ತದೆ. ಬರಿಗಾಲಲ್ಲಿ ಕಲಿತ ತಿರುವನ್ನೇ ಅಲ್ಲಿ ತೆಗೆದುಕೊಂಡರೆ ಪಾದ ನಿಂತು ಮೊಣಕಾಲು ತಿರುಗುತ್ತದೆ.

ಹುಡುಗಿಯರ ಮಾತು ಬಂದರೆ ಈ ಪದ್ಧತಿಗೆ ಪಾಸ್ ಮಾರ್ಕ್ಸ್ ಕೊಡುವುದೂ ಕಷ್ಟ. 2025ರ ಜನವರಿಯಲ್ಲಿ ದೆಹಲಿಯ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯಿಂದ ಅಲ್ಲಿಯವರೆಗೆ ದಾರಿ ಇದೆ ಎಂದಾಯಿತು. ಆದರೆ ನಮ್ಮ ಕಡೆ ಹಾಸ್ಟೆಲ್ ಮುಚ್ಚಿದ ದಿನವೇ ಹುಡುಗಿಯ ಆಟವೂ ಮುಚ್ಚುತ್ತದೆ. ಕತ್ತಲೆಯ ಜಾವದ ರಸ್ತೆ, ಗಂಡಸರೇ ತುಂಬಿದ ಸಂಜೆಯ ಬಯಲು, ಎರಡೂ ಅವಳಿಗೆ ಹೇಳಿದ್ದಲ್ಲ. ಜೂನ್‌ನಲ್ಲಿ ಅವಳು ಮೊದಲಿನಿಂದ ಶುರು ಮಾಡಬೇಕು.

ಹಾಗೆಂದು ಇದನ್ನು ಸರ್ಕಾರಿ ಶಿಬಿರ ಮಾಡಿ ಬ್ಯಾನರ್ ಕಟ್ಟಬೇಕಾಗಿಲ್ಲ. ಬ್ಯಾನರ್ ಬಂದರೆ ಅಣ್ಣ ಬರುವುದಿಲ್ಲ, ಅಣ್ಣನಿಲ್ಲದಿದ್ದರೆ ಕಸುಬೂ ಇರುವುದಿಲ್ಲ. ಬೇಕಾದ್ದು ಸಣ್ಣ ಸಂಗತಿಗಳು. ಮೊದಲು ಹೇಳಿದ ನಾಲ್ಕೂ ತಾಲ್ಲೂಕು ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲಾ ಮೈದಾನಗಳನ್ನು ಬೇಸಿಗೆಯಲ್ಲಿ ಹೊತ್ತು ಗೊತ್ತು ಮಾಡಿ ತೆರೆಯಲು, ಅದರಲ್ಲಿ ಒಂದು ಹೊತ್ತನ್ನು ಹುಡುಗಿಯರಿಗೇ ಬಿಡಲು ಒಂದು ಸುತ್ತೋಲೆ ಸಾಕು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ರಜೆಗೆ ಮುಂಚೆ ಅಂತಿಮ ವರ್ಷದವರನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನ ಮಾತಾಡಲಿ: ಮೊದಲ ವಾರ ಅರ್ಧ ಕೆಲಸ, ಉಪ್ಪು ಹಾಕಿದ ಮಜ್ಜಿಗೆ ಕೈಗೆಟುಕುವಲ್ಲಿ, ತಲೆ ತಿರುಗಿ ಮಾತು ತೊದಲಿದವನ ಮೈಮೇಲೆ ತಕ್ಷಣ ಬಿಂದಿಗೆಗಟ್ಟಲೆ ತಣ್ಣೀರು, ಆಮೇಲೆ ಗಾಡಿ. ಇನ್ನು ಬೆಳಕು. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆ ತಾಲ್ಲೂಕಿನಲ್ಲೇ ಪಂದ್ಯಾವಳಿಯ ರಾತ್ರಿ ಬಿಟ್ಟರೆ ಊರ ಅಂಗಳಕ್ಕೆ ದೀಪವಿಲ್ಲದ್ದರಿಂದ ಹುಡುಗರು ಬಿಸಿಲಿರುವಾಗಲೇ ಆಡಬೇಕಾದರೆ, ಅದಕ್ಕೆ ಬಡತನವನ್ನು ದೂರಿ ಪ್ರಯೋಜನವಿಲ್ಲ.

ಒಟ್ಟಿನಲ್ಲಿ, ಪಟ್ಟು ಕಲಿಸುವುದರಲ್ಲಿ ಈ ತಾಲೀಮು ಮೊದಲ ದರ್ಜೆಯದು, ಮೈ ಕಟ್ಟುವುದರಲ್ಲಿ ಒರಟು, ಮೈ ಕಾಯುವುದರಲ್ಲಿ ಪೂರಾ ನಪಾಸು. ಮೊದಲಿನ ಎರಡನ್ನು ಹುಡುಗರೇ ನೋಡಿಕೊಳ್ಳಬಲ್ಲರು, ಇಷ್ಟು ವರ್ಷ ನೋಡಿಕೊಂಡೂ ಬಂದಿದ್ದಾರೆ. ಮೂರನೆಯದನ್ನು ಅವರ ತಲೆಗೆ ಕಟ್ಟಲಾಗದು. ಗೆದ್ದ ಕಪ್ಪನ್ನು ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ ಇಡುವ ಕಾಲೇಜು, ಆ ಕಪ್ಪಿಗಾಗಿ ಬೆವರು ಸುರಿದ ಎರಡು ತಿಂಗಳೂ ತನ್ನದೇ ಎಂದು ಒಪ್ಪಿಕೊಳ್ಳಬೇಕು.